ಬೆಂಗಳೂರಿನ ಧೂಳಿನಲ್ಲಿ ಲ್ಯಾಪ್‌ಟಾಪ್ ತಣ್ಣಗಿಡುವುದು

ಮದುವೆ, ಗೃಹಪ್ರವೇಶ, ನಾಮಕರಣದ ವಿಡಿಯೊ ಎಡಿಟ್ ಮಾಡುವುದು ನನ್ನ ಕೆಲಸ. ಎಲ್ಲಾ ಲ್ಯಾಪ್‌ಟಾಪ್‌ನಲ್ಲೇ. ಮನೆ ಬನ್ನೇರುಘಟ್ಟ ರಸ್ತೆಯ ಪಕ್ಕದ ಒಂದು ಅಡ್ಡರಸ್ತೆಯಲ್ಲಿದೆ. ಮೆಟ್ರೊ ಕಂಬಗಳು ಏಳಲು ಶುರುವಾದ ಮೇಲೆ ಈ ಕಡೆ ಇದ್ದವರಿಗೆ ಧೂಳಿನ ವಿಷಯ ಬಿಡಿಸಿ ಹೇಳಬೇಕಿಲ್ಲ. ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಸಂಜೆಗೆ ಬೆರಳಲ್ಲಿ ಹೆಸರು ಬರೆಯಬಹುದು. ನನ್ನ ಕೋಣೆ ಅಡುಗೆಮನೆಗೆ ಅಂಟಿಕೊಂಡಿರುವುದರಿಂದ ಒಗ್ಗರಣೆ ಹೊಗೆಯೂ ಸೇರುತ್ತದೆ. ಎಣ್ಣೆ ಜಿಡ್ಡು ಬೆರೆತ ಧೂಳು ಸುಮ್ನೆ ಊದಿದರೆ ಹೋಗುವುದಿಲ್ಲ, ಅಂಟಿಕೊಳ್ಳುತ್ತದೆ.

ಲ್ಯಾಪ್‌ಟಾಪ್ ಬಿಸಿಯಾಗುತ್ತಿದೆ ಅಂದರೆ ಸಾಕು, ಕೂಲಿಂಗ್ ಪ್ಯಾಡ್ (ಕೆಳಗಿಡುವ ಫ್ಯಾನ್ ಸ್ಟ್ಯಾಂಡ್) ತಗೊಳ್ಳಿ ಅನ್ನುತ್ತಾರೆ ಎಲ್ಲರೂ. ಒಳಗೆ ಗಾಳಿ ಹೋಗುವ ದಾರಿಯೇ ಕಟ್ಟಿಕೊಂಡಿದ್ದರೆ ಕೆಳಗಿನಿಂದ ಎಷ್ಟು ಬೀಸಿದರೂ ಅಷ್ಟಕ್ಕಷ್ಟೆ. ಮೊದಲು ಆ ದಾರಿ ಬಿಡಿಸಬೇಕು. ಉಳಿದದ್ದೆಲ್ಲ ಆಮೇಲೆ.

ಸೆಕೆ ಜಾಸ್ತಿಯಾಗಿದೆ, ಅದಕ್ಕೇ ಹೀಗೆ ಅನ್ನುವವರೂ ಇದ್ದಾರೆ. ಸೆಕೆ ಇರುವುದು ನಿಜ. 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಡಿಗ್ರಿ ಮುಟ್ಟಿತ್ತು. 2024ರ ಏಪ್ರಿಲ್‌ನಲ್ಲೂ 38 ದಾಟಿತ್ತು. ಕೋಣೆ ಎಷ್ಟು ಡಿಗ್ರಿ ಬಿಸಿಯಾಗುತ್ತದೋ ಪ್ರೊಸೆಸರ್ ಕೂಡ ಹೆಚ್ಚುಕಮ್ಮಿ ಅಷ್ಟೇ ಮೇಲೆ ಹೋಗುತ್ತದೆ. ಆದರೆ ನನ್ನ ಲ್ಯಾಪ್‌ಟಾಪ್ ಡಿಸೆಂಬರ್ ಚಳಿಯಲ್ಲೂ ಬೊಬ್ಬೆ ಹೊಡೆಯುತ್ತಿತ್ತು. ಅಲ್ಲಿಗೆ ತಪ್ಪು ಹವೆಯದ್ದಲ್ಲ ಅಂತ ಗೊತ್ತಾಯಿತಲ್ವಾ.

ಕೈಯಿಟ್ಟು ನೋಡಿ ಬಿಸಿ ಅಳೆಯಬೇಡಿ. ವಿಂಡೋಸ್ ಆದರೆ ಎಚ್‌ಡಬ್ಲ್ಯುಇನ್ಫೊ ಅನ್ನುವ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಲಿನಕ್ಸ್‌ನಲ್ಲಿ ಎಲ್‌ಎಂ-ಸೆನ್ಸರ್ಸ್ ಇದೆ. ಅದರಲ್ಲಿ ಎರಡು ಅಂಕಿ ನೋಡಿದರೆ ಸಾಕು: ಪ್ರೊಸೆಸರ್‌ನ ಉಷ್ಣಾಂಶ, ಅದು ಓಡುತ್ತಿರುವ ವೇಗ. ಇಂಟೆಲ್‌ನ ಬಹಳಷ್ಟು ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಿಗೆ 100 ಡಿಗ್ರಿ ಮಿತಿ, ಎಎಂಡಿ ಕಂಪನಿಯ ರೈಜೆನ್‌ನ ಹಲವಕ್ಕೆ 95. ಮಿತಿಯ ಹತ್ತಿರ ಬಂದರೆ ಪ್ರೊಸೆಸರ್ ತಾನಾಗೇ ವೇಗ ಇಳಿಸಿಕೊಳ್ಳುತ್ತದೆ. ಇದಕ್ಕೇ ಥ್ರಾಟ್ಲಿಂಗ್ ಅನ್ನುವುದು. ಎಡಿಟ್ ಮಾಡಿದ ವಿಡಿಯೊವನ್ನು ಅಂತಿಮ ಫೈಲ್ ಮಾಡಲು ನಾನು ರೆಂಡರ್ ಹಾಕಿದಾಗ ಮೊದಲು 4 ಗಿಗಾಹರ್ಟ್ಸ್ ಹತ್ತಿರ ಓಡುತ್ತಿತ್ತು. ಸ್ವಲ್ಪ ಹೊತ್ತಿಗೆ 97 ಡಿಗ್ರಿ ಮುಟ್ಟಿ, ವೇಗ 2ಕ್ಕಿಂತ ಕೆಳಗೆ ಬೀಳುತ್ತಿತ್ತು. ಊಟಕ್ಕೆ ಮುಂಚೆ ಮುಗಿಯಬೇಕಾದ ರೆಂಡರ್ ಮಧ್ಯಾಹ್ನದ ಕಾಫಿವರೆಗೂ ಎಳೆಯುತ್ತಿತ್ತು.

ಬಿಸಿ ಹೇಗೆ ಏರುತ್ತದೆ ಅನ್ನುವುದನ್ನೂ ಗಮನಿಸಿ. ನನಗೆ ತುಂಬಾ ಉಪಯೋಗಕ್ಕೆ ಬಂದಿದ್ದು ಇದೇ. ಕೆಲಸ ಕೊಟ್ಟ ಒಂದೆರಡು ಸೆಕೆಂಡಿಗೇ ಅಂಕಿ 90ರ ಆಚೆ ಜಿಗಿದು ಅಲ್ಲೇ ನಿಂತರೆ, ಫ್ಯಾನ್ ಜೋರಾಗಿದ್ದರೂ ಹೊರಬರುವ ಗಾಳಿ ಅಷ್ಟೇನೂ ಬಿಸಿ ಇಲ್ಲದಿದ್ದರೆ, ಥರ್ಮಲ್ ಪೇಸ್ಟ್ ಮೇಲೆ, ಅಂದರೆ ಬಿಸಿ ದಾಟಿಸಲು ಪ್ರೊಸೆಸರ್ ಮೇಲೆ ಹಚ್ಚಿರುವ ಪೇಸ್ಟ್ ಮೇಲೆ, ಅನುಮಾನ ಪಡಬೇಕು. ಪ್ರೊಸೆಸರ್‌ನ ಬಿಸಿ ಅದನ್ನು ಹೊರಗೆ ಸಾಗಿಸುವ ತಾಮ್ರದ ಕೊಳವೆಗೆ ದಾಟುತ್ತಲೇ ಇಲ್ಲ ಅಂತ ಅರ್ಥ. ನಿಧಾನಕ್ಕೆ ಏರಿ, ಕೆಲವು ನಿಮಿಷದಲ್ಲಿ ಮಿತಿ ಮುಟ್ಟಿ, ಫ್ಯಾನ್ ಕಿರುಚಿದರೂ ಗಾಳಿ ಸಣ್ಣಗೆ ಬರುತ್ತಿದ್ದರೆ ಧೂಳು. ನನ್ನದರಲ್ಲಿ ಧೂಳು ಮುಖ್ಯ, ಪೇಸ್ಟ್ ಜೊತೆಗೆ.

ಬಿಚ್ಚುವ ಮೊದಲು ವಾರಂಟಿ ನೋಡಿಕೊಳ್ಳಿ. ವಾರಂಟಿ ಇದ್ದರೆ ಸರ್ವಿಸ್ ಸೆಂಟರ್‌ಗೇ ಕೊಡಿ. ನನ್ನದು ಮುಗಿದಿತ್ತು. ಮೊದಲು ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆದೆ. ಹಿಂಭಾಗದ ಸ್ಕ್ರೂಗಳು ಒಂದೇ ಉದ್ದ ಇರುವುದಿಲ್ಲ. ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ಹಾಕಿ ಬಿಗಿದರೆ ಮೇಲಿನ ಪ್ಲಾಸ್ಟಿಕ್ಕೇ ಉಬ್ಬುತ್ತದೆ. ಅದಕ್ಕೆ ಒಂದು ಹಾಳೆ ಮೇಲೆ ಲ್ಯಾಪ್‌ಟಾಪ್ ಆಕಾರ ಬರೆದು, ಯಾವ ಜಾಗದ ಸ್ಕ್ರೂ ಅಲ್ಲೇ ಚುಚ್ಚಿಡುತ್ತೇನೆ. ಕೆಲವು ಮಾಡೆಲ್‌ಗಳಲ್ಲಿ ರಬ್ಬರ್ ಕಾಲಿನ ಕೆಳಗೂ ಸ್ಕ್ರೂ ಅಡಗಿರುತ್ತದೆ. ಎಲ್ಲಾ ತೆಗೆದ ಮೇಲೂ ಮುಚ್ಚಳ ಬರದಿದ್ದರೆ ಬಲ ಹಾಕದೆ ಅಲ್ಲಿ ನೋಡಿ. ಹಳೇ ಎಟಿಎಂ ಕಾರ್ಡನ್ನು ಸಂದಿಗೆ ತೂರಿಸಿ ಒಂದೊಂದೇ ಕ್ಲಿಪ್ ಬಿಡಿಸಿದೆ. ಒಳಗೆ ಮೊದಲು ಕಳಚಬೇಕಾದದ್ದು ಬ್ಯಾಟರಿ ಕನೆಕ್ಟರ್. ಬೇರೆ ಏನನ್ನೂ ಅದಕ್ಕಿಂತ ಮುಂಚೆ ಮುಟ್ಟಬೇಡಿ.

ಫ್ಯಾನ್ ಮೇಲಿಂದ ನೋಡಿದಾಗ ಅಷ್ಟೇನೂ ಕೊಳಕಾಗಿರಲಿಲ್ಲ. ಬ್ಲೇಡ್‌ಗಳ ಅಂಚಿಗೆ ಬೂದು ಗೆರೆ, ಅಷ್ಟೇ. ಸ್ಕ್ರೂ ತೆಗೆದು ಫ್ಯಾನ್ ಎತ್ತಿದಾಗ ವಿಷಯ ಬಯಲಾಯಿತು. ಫ್ಯಾನ್‌ಗೂ ತಾಮ್ರದ ಸಣ್ಣ ರೆಕ್ಕೆಗಳಿಗೂ ನಡುವಿನ ಸಂದಿಯಲ್ಲಿ ಧೂಳು ಕಂಬಳಿ ತುಂಡಿನ ಹಾಗೆ ಮೆತ್ತಿಕೊಂಡಿತ್ತು. ಚಿಮುಟಿಯಲ್ಲಿ ಒಂದು ತುದಿ ಹಿಡಿದು ಎಳೆದರೆ ಹಾಗೇ ಪಟ್ಟಿಯಾಗಿ ಎದ್ದು ಬಂತು. ಅದರೊಳಗೆ ಕೂದಲು, ಬಟ್ಟೆಯ ನೂಲು, ಸಿಮೆಂಟ್ ಬಣ್ಣದ ಪುಡಿ. ಹೊರಗಿನಿಂದ ಬ್ಲೋವರ್ ಹಿಡಿದರೆ ಈ ಪಟ್ಟಿ ಸ್ವಲ್ಪ ಹಿಂದಕ್ಕೆ ಸರಿಯುತ್ತದೆ, ಫ್ಯಾನ್ ತಿರುಗಿದ ಕೂಡಲೇ ಮತ್ತೆ ಬಂದು ಮೆತ್ತಿಕೊಳ್ಳುತ್ತದೆ. ಅದಕ್ಕೇ ಬಿಚ್ಚಿಯೇ ತೆಗೆಯಬೇಕು ಅಂತ ನಾನು ಹೇಳುವುದು. ಉಳಿದ ಪುಡಿಗೆ ಮೆತ್ತನೆ ಬ್ರಷ್, ಆಮೇಲೆ ಬ್ಲೋವರ್. ಬ್ಲೋವರ್ ಹಿಡಿಯುವಾಗ ಫ್ಯಾನ್ ಬ್ಲೇಡ್‌ಗೆ ಒಂದು ಕಡ್ಡಿ ಅಡ್ಡ ಇಡಿ. ಇಲ್ಲದಿದ್ದರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಕೆಡುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರ್ ಬೇಡ, ಸ್ಟ್ಯಾಟಿಕ್ ಕರೆಂಟ್‌ನಿಂದ ಬೋರ್ಡ್‌ಗೆ ಪೆಟ್ಟಾಗಬಹುದು.

ಪೇಸ್ಟ್ ಬದಲಿಸುವ ಸಾಮಾನು ಕಂಪ್ಯೂಟರ್ ಅಂಗಡಿಗಳಿರುವ ಎಸ್‌.ಪಿ. ರಸ್ತೆಯಲ್ಲಿ ತಂದೆ. ಹೀಟ್‌ಸಿಂಕ್‌ನ (ಪ್ರೊಸೆಸರ್ ಮೇಲೆ ಕೂರುವ ಆ ತಾಮ್ರದ ಕೊಳವೆ, ರೆಕ್ಕೆಗಳ ಭಾಗ) ಫೋಟೊ ತೋರಿಸಿದರೆ ಅಂಗಡಿಯ ಹುಡುಗ, "ಒಣಗಿ ಪುಡಿ ಆಗಿದೆ ಸರ್, ಇದ್ರಲ್ಲಿ ಬಿಸಿ ಹೆಂಗ್ ದಾಟುತ್ತೆ?" ಅಂದ. ಮೆಡಿಕಲ್ ಶಾಪ್ ಸ್ಪಿರಿಟ್ ಸಾಕಾಗುತ್ತಾ ಅಂತ ಕೇಳಿದ್ದಕ್ಕೆ, "ಅದ್ರಲ್ಲಿ ನೀರಿರುತ್ತೆ, 99 ಪರ್ಸೆಂಟ್ ಐಪಿಎ ತಗೊಳ್ಳಿ" ಅಂತ ಬಾಟಲಿ ಮುಂದಿಟ್ಟ. ಸರಿಯಾದ ಮಾತು. ಐಪಿಎ ಅಂದರೆ ಐಸೊಪ್ರೊಪೈಲ್ ಆಲ್ಕೊಹಾಲ್, ಬೇಗ ಆರುತ್ತದೆ, ಕಲೆ ಬಿಡುವುದಿಲ್ಲ.

ಹೀಟ್‌ಸಿಂಕ್ ಸ್ಕ್ರೂಗಳ ಪಕ್ಕ ಸಾಮಾನ್ಯವಾಗಿ 1, 2, 3, 4 ಅಂತ ಅಚ್ಚಾಗಿರುತ್ತದೆ. ಬಿಗಿಯುವಾಗ ಆ ಕ್ರಮದಲ್ಲೇ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಒಂದೇ ಮೂಲೆ ಪೂರ್ತಿ ಬಿಗಿದರೆ ಇನ್ನೊಂದು ಮೂಲೆ ಎದ್ದು ನಿಲ್ಲುತ್ತದೆ. ಲ್ಯಾಪ್‌ಟಾಪ್ ಪ್ರೊಸೆಸರ್ ಮೇಲೆ ಡೆಸ್ಕ್‌ಟಾಪ್‌ನಲ್ಲಿರುವಂಥ ಲೋಹದ ಮುಚ್ಚಳ ಇರುವುದಿಲ್ಲ, ಚಿಪ್ ಬರಿಗಣ್ಣಿಗೆ ಕಾಣುತ್ತದೆ. ಹಾಗಾಗಿ ಪೇಸ್ಟ್ ಅದರ ಮೈಮೇಲೆಲ್ಲಾ ತೆಳ್ಳಗೆ ಹರಡಬೇಕು, ಒಂದು ಮೂಲೆಯೂ ಬಿಡಬಾರದು. ಪಕ್ಕದ ಮೆಮೊರಿ ಚಿಪ್‌ಗಳ ಮೇಲಿರುವ ಮೆತ್ತನೆ ಪ್ಯಾಡ್‌ಗಳನ್ನು ತೆಗೆದು ಅಲ್ಲಿ ಪೇಸ್ಟ್ ಹಾಕಬೇಡಿ. ಅಲ್ಲಿನ ಸಂದಿ ಪೇಸ್ಟ್‌ನಿಂದ ತುಂಬುವಷ್ಟು ಚಿಕ್ಕದಲ್ಲ. ಪೇಸ್ಟ್ ಬದಲು ಲಿಕ್ವಿಡ್ ಮೆಟಲ್ (ದ್ರವ ಲೋಹ) ಹಾಕಿದರೆ ಬಿಸಿ ಇನ್ನೂ ಕಡಿಮೆಯಾಗುತ್ತದೆ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಮನೆಯಲ್ಲಿ ಪ್ರಯತ್ನಿಸಬೇಡಿ. ಅದರಲ್ಲಿ ಗ್ಯಾಲಿಯಂ ಇರುತ್ತದೆ. ಅಲ್ಯೂಮಿನಿಯಂ ತಾಗಿದರೆ ತಿಂದುಹಾಕುತ್ತದೆ, ಬೋರ್ಡ್ ಮೇಲೆ ಒಂದು ಹನಿ ಬಿದ್ದರೆ ಶಾರ್ಟ್ ಆಗುತ್ತದೆ.

ಇಷ್ಟು ಮಾಡಿದ ಮೇಲೆ ಅದೇ ರೆಂಡರ್ 82, 83 ಡಿಗ್ರಿಯಲ್ಲಿ ನಿಂತಿತು. ವೇಗ ಬೀಳಲಿಲ್ಲ. ಆ ಅಂಕಿ ನೋಡಿ ನನಗಾದ ಖುಷಿ ಅಷ್ಟಿಷ್ಟಲ್ಲ. ಕೈ ನಡುಗುತ್ತದೆ, ಬಿಚ್ಚಲು ಧೈರ್ಯವಿಲ್ಲ ಅನ್ನುವವರು ರಿಪೇರಿ ಅಂಗಡಿಗೆ ಕೊಡಿ, ತಪ್ಪೇನಿಲ್ಲ. ನಿಮ್ಮ ಎದುರಿಗೇ ಬಿಚ್ಚಲು ಹೇಳಿ, ಫ್ಯಾನ್ ಎತ್ತಿ ಹಿಂದಿನ ರೆಕ್ಕೆಗಳನ್ನು ತೋರಿಸಲು ಕೇಳಿ. ಬರೀ ಮೇಲಿಂದ ಗಾಳಿ ಹೊಡೆದು ಕೊಟ್ಟರೆ ಒಪ್ಪಬೇಡಿ.

ಸೆಟ್ಟಿಂಗ್‌ನಲ್ಲೂ ಒಂದು ದಾರಿ ಇದೆ. ವಿಂಡೋಸ್‌ನ ಪವರ್ ಆಪ್ಷನ್ಸ್ ಒಳಗೆ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಅಂತ ಇರುತ್ತದೆ. ಅದನ್ನು 100ರಿಂದ 99ಕ್ಕೆ ಇಳಿಸಿದರೆ ಸಾಮಾನ್ಯವಾಗಿ ಟರ್ಬೊ ವೇಗ (ಪ್ರೊಸೆಸರ್ ಆಗಾಗ ಏರಿಸಿಕೊಳ್ಳುವ ಹೆಚ್ಚುವರಿ ವೇಗ) ನಿಲ್ಲುತ್ತದೆ, ಬಿಸಿ ಗಮನಾರ್ಹವಾಗಿ ಇಳಿಯುತ್ತದೆ. ಬಿಲ್ ಬರೆಯುವಾಗ, ಮೇಲ್ ನೋಡುವಾಗ ನನಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ರೆಂಡರ್ ಇದ್ದಾಗ ಮಾತ್ರ ಮತ್ತೆ 100. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಆಯ್ಕೆ ಕಾಣುವುದಿಲ್ಲ, ಅಲ್ಲಿ ಕಂಪನಿಯದೇ ಆ್ಯಪ್‌ನಲ್ಲಿ ಕ್ವಯಟ್ ಮೋಡ್ ಹುಡುಕಿ.

ಅಕ್ಕನ ಮಗಳು ಎಂಜಿನಿಯರಿಂಗ್ ಓದುತ್ತಿದ್ದಾಳೆ. "ಮಾಮ, ಗೇಮ್ ಕೂಡ ಆಡಲ್ಲ, ಆದ್ರೂ ಕಾದು ಕೆಂಡ ಆಗುತ್ತೆ" ಅಂತ ತಂದು ತೋರಿಸಿದಳು. ಒಳಗೆ ಧೂಳೇ ಇರಲಿಲ್ಲ. ಅವಳು ಹಾಸಿಗೆ ಮೇಲೆ, ರಜಾಯಿ ಮೇಲೆ ಇಟ್ಟುಕೊಂಡು ಓದುತ್ತಾಳೆ. ಗಾಳಿ ಎಳೆಯುವ ಜಾಲರಿ ಕೆಳಗಿದೆ, ರಜಾಯಿ ಅದನ್ನು ಪೂರ್ತಿ ಮುಚ್ಚಿಬಿಡುತ್ತದೆ. ದೇವರಮನೆಯಲ್ಲಿ ಸುಮ್ನೆ ಇದ್ದ ಒಂದು ಮಣೆ ಕೊಟ್ಟೆ, ಅದರ ಮೇಲಿಟ್ಟುಕೋ ಅಂದೆ. ಮೇಜಿನ ಮೇಲಾದರೆ ಹಿಂಭಾಗ ಒಂದೆರಡು ಇಂಚು ಎತ್ತಿ ಇಟ್ಟರೂ ಕೆಲವು ಡಿಗ್ರಿ ಇಳಿಯುತ್ತದೆ. ಕೂಲಿಂಗ್ ಪ್ಯಾಡ್‌ನಿಂದ ಸಿಗುವುದರಲ್ಲಿ ಬಹುಪಾಲು ಈ ಎತ್ತರದಿಂದಲೇ ಸಿಗುತ್ತದೆ ಅಂತ ನನ್ನ ಅನಿಸಿಕೆ. ಬಿಸಿಗಾಳಿ ಪರದೆಯ ಹಿಂಜ್ ಕಡೆಯಿಂದ ಬರುವ ಮಾಡೆಲ್ ಆದರೆ ಮುಚ್ಚಳ ಮುಚ್ಚಿ ಹೊರಗಿನ ಮಾನಿಟರ್‌ಗೆ ಹಾಕಿ ಓಡಿಸಬೇಡಿ.

ನಮ್ಮೂರಿನ ಟ್ರಾಫಿಕ್‌ಗೆ ಸಂಬಂಧಿಸಿದ್ದು ಇನ್ನೊಂದಿದೆ. ಮುಚ್ಚಳ ಮುಚ್ಚಿ ಬ್ಯಾಗಿಗೆ ಹಾಕಿದರೆ ಲ್ಯಾಪ್‌ಟಾಪ್ ಬರೀ ಸ್ಲೀಪ್‌ಗೆ ಹೋಗಿರುತ್ತದೆ. ಈಗಿನವು ಆ ಸ್ಥಿತಿಯಲ್ಲೂ ಒಮ್ಮೊಮ್ಮೆ ತಾವೇ ಎದ್ದು ಅಪ್‌ಡೇಟ್ ಹುಡುಕುತ್ತವೆ. ಸಿಲ್ಕ್ ಬೋರ್ಡ್ ಜಂಕ್ಷನ್‌ನ ಟ್ರಾಫಿಕ್‌ನಲ್ಲಿ ನಿಂತಿರುವಾಗ ಬ್ಯಾಗಿನೊಳಗೆ ಅದು ಬೇಯುತ್ತಿರುತ್ತದೆ. ಹೊರಡುವ ಮುಂಚೆ ಶಟ್‌ಡೌನ್ ಅಥವಾ ಹೈಬರ್ನೇಟ್ ಮಾಡಿ.

ಬಿಸಿಯಿಂದ ಮೊದಲು ಸೊರಗುವುದು ಬ್ಯಾಟರಿ. ಬಿಸಿ ಜೊತೆಗೆ ಸದಾ 100 ಪರ್ಸೆಂಟ್ ಚಾರ್ಜ್ ಇದ್ದರೆ ಲಿಥಿಯಂ ಬ್ಯಾಟರಿ ಇನ್ನೂ ಬೇಗ ಮುದಿಯಾಗುತ್ತದೆ. ನಾನು ದಿನವಿಡೀ ಪ್ಲಗ್‌ನಲ್ಲೇ ಕೆಲಸ ಮಾಡುವುದರಿಂದ ಚಾರ್ಜ್ 80ಕ್ಕೆ ನಿಲ್ಲುವಂತೆ ಕಂಪನಿಯ ಆ್ಯಪ್‌ನಲ್ಲಿ ಹೊಂದಿಸಿದ್ದೇನೆ. ಟಚ್‌ಪ್ಯಾಡ್ ಒತ್ತಲು ಗಟ್ಟಿಯಾದರೆ, ಅಂಗೈ ಇಡುವ ಜಾಗ ಉಬ್ಬಿದಂತೆ ಕಂಡರೆ ಬ್ಯಾಟರಿ ಊದಿಕೊಂಡಿರಬಹುದು. ಕೂಡಲೇ ಆಫ್ ಮಾಡಿ, ಚಾರ್ಜರ್ ಹಾಕಬೇಡಿ, ಒತ್ತಿ ಕೂರಿಸಲು ಹೋಗಬೇಡಿ. ರಿಪೇರಿಯವರಿಂದ ತೆಗೆಸಿ, ಹಳೆಯದನ್ನು ಮನೆ ಕಸಕ್ಕೆ ಹಾಕದೆ ಇ-ತ್ಯಾಜ್ಯಕ್ಕೇ ಕೊಡಿ.