ಹುಳಿ ಮೊದಲು, ಘಮ ಕೊನೆಗೆ: ಏಳು ತಳಿಗಳ ಬಿಳಿ ವೈನ್ ಬೆರೆಸುವ ಬಗ್ಗೆ

ಏಳು ತಳಿಯ ದ್ರಾಕ್ಷಿಗಳಿಂದ ಒಂದು ಬಿಳಿ ವೈನ್ ಮಾಡುತ್ತೇನೆ ಎಂದರೆ ಹಲವರಿಗೆ ಅನುಮಾನ. ಟ್ಯಾಂಕುಗಳ ತಳದಲ್ಲಿ ಉಳಿದದ್ದನ್ನೆಲ್ಲ ಒಂದೆಡೆ ಸುರಿದು ಚೆಂದದ ಹೆಸರಿಟ್ಟಿರಬೇಕು ಎಂದುಕೊಳ್ಳುತ್ತಾರೆ. ಅಂಥ ವೈನ್ ಇಲ್ಲವೆಂದೇನೂ ಅಲ್ಲ. ಆದರೆ ಬೋರ್ಡೊದ ಬಿಳಿ ವೈನ್ ನಿಂತಿರುವುದೇ ಸಾವಿನ್ಯೋನ್ ಬ್ಲಾಂಕ್ ಮತ್ತು ಸೆಮಿಯೋನ್ ತಳಿಗಳ ಜೊತೆಗಾರಿಕೆಯ ಮೇಲೆ. ಇಟಲಿಯ ಫ್ರಿಯೂಲಿಯಲ್ಲಿ ಯೆರ್ಮನ್ ಮನೆತನ 1975ರಲ್ಲಿ ಆರಂಭಿಸಿದ ‘ವಿಂಟೇಜ್ ಟುನಿನಾ’ ಕೂಡ ಹಲವು ತಳಿಗಳ ಬೆರಕೆಯೇ. ಅದನ್ನು ಅಗ್ಗದ ಸರಕು ಎಂದು ಯಾರೂ ಕರೆಯುವುದಿಲ್ಲ.

ಬೆರೆಸಲು ಎರಡು ದಾರಿಗಳಿವೆ. ಒಂದು, ತೋಟದಲ್ಲೇ ಬೆರೆಸುವುದು. ವಿಯೆನ್ನಾದ ಗೆಮಿಷ್ಟರ್ ಸಾಟ್ಸ್ ವೈನಿಗೆ ಬೇರೆ ಬೇರೆ ತಳಿಯ ಬಳ್ಳಿಗಳನ್ನು ಒಂದೇ ತೋಟದಲ್ಲಿ ನೆಟ್ಟು, ಒಟ್ಟಿಗೇ ಕೊಯ್ದು, ಒಟ್ಟಿಗೇ ಹುದುಗಿಸುತ್ತಾರೆ. 2013ರಿಂದ ಅದಕ್ಕೆ ಡಿಎಸಿ (ಆಸ್ಟ್ರಿಯಾದ ವೈನುಗಳ ಪ್ರಾದೇಶಿಕ ಗುರುತು) ನಿಯಮವಿದೆ: ಕನಿಷ್ಠ ಮೂರು ತಳಿಗಳಿರಬೇಕು, ಯಾವುದೂ ಶೇಕಡಾ 50ನ್ನು ಮೀರಬಾರದು, ಪ್ರಮಾಣದಲ್ಲಿ ಮೂರನೆಯದು ಶೇಕಡಾ 10ಕ್ಕಿಂತ ಕಡಿಮೆ ಇರಬಾರದು. ಅಲ್ಲಿ ಒಂದು ತಳಿ ತುಸು ಕಾಯಿ, ಇನ್ನೊಂದು ಕಳಿತ ಹಣ್ಣು, ಎರಡೂ ಸೇರಿ ಸಮತೋಲ ತಾನಾಗಿಯೇ ಬರುತ್ತದೆ. ಆ ವೈನುಗಳ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೂ ನಾನು ಎರಡನೆಯ ದಾರಿ ಹಿಡಿದೆ. ರೀಸ್ಲಿಂಗ್ ಹಣ್ಣಾಗುವವರೆಗೆ ಕಾದರೆ ಗೆವುರ್ಟ್ಸ್‌ಟ್ರಾಮಿನರ್ ತನ್ನ ಹುಳಿಯನ್ನೆಲ್ಲ ಕಳೆದುಕೊಂಡು ಕುಳಿತಿರುತ್ತದೆ. ಹಾಗಾಗಿ ಪ್ರತಿ ತಳಿಯನ್ನೂ ಅದರ ಹೊತ್ತಿಗೆ ಕೊಯ್ದು, ಬೇರೆ ಬೇರೆಯಾಗಿ ಹುದುಗಿಸಿ, ಕೊನೆಗೆ ಬೆರೆಸುತ್ತೇನೆ. ಟ್ಯಾಂಕುಗಳು ಹೆಚ್ಚು ಬೇಕು, ತೊಳೆಯುವ ಕೆಲಸವೂ ಹೆಚ್ಚು. ಆದರೆ ಆಯ್ಕೆ ನನ್ನ ಕೈಯಲ್ಲಿ ಉಳಿಯುತ್ತದೆ.

ಬೆರೆಸಲು ಕುಳಿತವರು ಸಾಮಾನ್ಯವಾಗಿ ಮೂಗಿನಿಂದ ಆರಂಭಿಸುತ್ತಾರೆ. ಇದರಲ್ಲಿ ಏಪ್ರಿಕಾಟ್ ಘಮ, ಅದರಲ್ಲಿ ಗುಲಾಬಿ, ಇನ್ನೊಂದರಲ್ಲಿ ಚಕ್ಕೋತ, ಎಲ್ಲವೂ ಸೇರಿದರೆ ಅದ್ಭುತವಾಗಬೇಕು ಎಂಬ ಲೆಕ್ಕ. ಹಾಗೆ ಮಾಡಿದ ವೈನ್ ಮೊದಲ ಗುಟುಕಿಗೆ ಬೆರಗು ಹುಟ್ಟಿಸುತ್ತದೆ, ಅರ್ಧ ಲೋಟಕ್ಕೆ ಸಾಕೆನಿಸುತ್ತದೆ. ನಾನು ಹುಳಿಯಿಂದ ಆರಂಭಿಸುತ್ತೇನೆ. ಬಾಯಲ್ಲಿ ವೈನನ್ನು ಹಿಡಿದು ನಿಲ್ಲಿಸುವುದು ಹುಳಿ. ಅದು ಸರಿಯಾಗಿ ಕೂರದಿದ್ದರೆ ಮೇಲೆ ಎಷ್ಟು ಘಮ ಹೇರಿದರೂ ವ್ಯರ್ಥ.

ನನ್ನ ಬೆರಕೆಯ ಬುನಾದಿ ಶೆನಿನ್ ಬ್ಲಾಂಕ್. ಹುಳಿ ಗಟ್ಟಿ, ಘಮ ಮಿತ, ಯಾರೊಂದಿಗೂ ಜಗಳವಿಲ್ಲ. ಅದರ ಮೇಲೆ ಹಳೆಯ ಪೀಪಾಯಿಯಲ್ಲಿದ್ದ ಶಾರ್ಡೊನೆ. ಬ್ಯಾಕ್ಟೀರಿಯಾಗಳಿಂದ ಚೂಪಾದ ಮ್ಯಾಲಿಕ್ ಆಮ್ಲ ಮೃದುವಾದ ಲ್ಯಾಕ್ಟಿಕ್ ಆಮ್ಲವಾಗಿ ಬದಲಾದ ಮೇಲೆ ಅದು ದುಂಡಗಾಗಿ, ನಡುವಿನ ಟೊಳ್ಳನ್ನು ತುಂಬುತ್ತದೆ. ಆಮೇಲೆ ಸಾವಿನ್ಯೋನ್ ಬ್ಲಾಂಕ್, ಸೆಮಿಯೋನ್, ರೀಸ್ಲಿಂಗ್. ಕೊನೆಗಷ್ಟೇ ಘಮದ ತಳಿಗಳಾದ ವಿಯೊನ್ಯೆ ಮತ್ತು ಗೆವುರ್ಟ್ಸ್‌ಟ್ರಾಮಿನರ್. ಪ್ರಮಾಣ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ನಾನು ಹೊರಡುವ ಜಾಗ ಮಾತ್ರ, ಶೇಕಡಾ ಲೆಕ್ಕದಲ್ಲಿ, ಇದು: ಶೆನಿನ್ 38, ಶಾರ್ಡೊನೆ 18, ಸಾವಿನ್ಯೋನ್ 14, ಸೆಮಿಯೋನ್ 12, ರೀಸ್ಲಿಂಗ್ 10, ವಿಯೊನ್ಯೆ 5, ಗೆವುರ್ಟ್ಸ್‌ಟ್ರಾಮಿನರ್ 3.

ಮೇಜಿನ ಮೇಲೆ ಬೇಕಾದದ್ದು ನೂರು ಮಿಲಿಲೀಟರಿನ ಅಳತೆಯ ಜಾಡಿ ಮತ್ತು ಒಂದು ಪಿಪೆಟ್. ಒಂದು ಮಿಲಿಲೀಟರ್ ಎಂದರೆ ಶೇಕಡಾ ಒಂದು, ತಲೆಕೆಡಿಸಿಕೊಳ್ಳುವ ಗಣಿತವಿಲ್ಲ. ವೈನ್ ತೀರಾ ತಣ್ಣಗಿರಬಾರದು; ತಣ್ಣಗಿದ್ದರೆ ಘಮವೂ ದೋಷವೂ ಅಡಗಿಬಿಡುತ್ತವೆ. ನಾನು 15 ಡಿಗ್ರಿಯ ಆಸುಪಾಸಿನಲ್ಲಿ ರುಚಿ ನೋಡುತ್ತೇನೆ. ಲೋಟಗಳ ಅಡಿಯಲ್ಲಿ ಸಂಖ್ಯೆ ಬರೆದು, ಬೇರೆಯವರಿಂದ ಜಾಗ ಬದಲಿಸಿಟ್ಟುಕೊಳ್ಳುತ್ತೇನೆ. ಯಾವುದರಲ್ಲಿ ಏನಿದೆ ಎಂದು ಗೊತ್ತಿದ್ದರೆ ನಾಲಿಗೆ ಪ್ರಾಮಾಣಿಕವಾಗಿರುವುದಿಲ್ಲ.

ಇಲ್ಲಿ ಗೆವುರ್ಟ್ಸ್‌ಟ್ರಾಮಿನರ್ ಮಾಡುವ ಕೆಲಸವನ್ನು ನೋಡಬೇಕು. ಎರಡು ಮಿಲಿಲೀಟರ್ ಹಾಕಿದ ಲೋಟದಲ್ಲಿ ಆ ತಳಿ ಇದೆ ಎಂದು ಯಾರೂ ಹೇಳಲಾರರು, ಆದರೆ ವೈನ್ ಹಿಂದಿನದಕ್ಕಿಂತ ಅರಳಿರುತ್ತದೆ. ಮೂರರಲ್ಲಿ ಹಣ್ಣಿನ ಘಮ ತುಸು ಮುಂದೆ ಬರುತ್ತದೆ. ಐದಕ್ಕೆ ಏರಿಸಿದರೆ ಲಿಚಿ, ಗುಲಾಬಿ ಬಿಟ್ಟರೆ ಬೇರೇನೂ ಸಿಗುವುದಿಲ್ಲ. ಸಾವಿನ್ಯೋನ್ ಎಲ್ಲಿ ಹೋಯಿತೋ ಹುಡುಕಬೇಕು. ಲಿಚಿಯ ಆ ಘಮಕ್ಕೆ ಮುಖ್ಯ ಕಾರಣ ಸಿಸ್-ರೋಸ್ ಆಕ್ಸೈಡ್. ಲೀಟರಿಗೆ ಮೈಕ್ರೋಗ್ರಾಂಗಳ ಲೆಕ್ಕದಲ್ಲಿದ್ದರೂ ಮೂಗು ಅದನ್ನು ಹಿಡಿಯುತ್ತದೆ. ಸಾವಿನ್ಯೋನಿನ ಹಸಿ ದೊಣ್ಣೆಮೆಣಸಿನ ವಾಸನೆಗೆ ಕಾರಣವಾದ ಪೈರಜೀನ್‌ಗಳು ಇನ್ನೂ ಘಾಟಿ, ಅವಕ್ಕೆ ನ್ಯಾನೋಗ್ರಾಂಗಳೇ ಸಾಕು. ಹೀಗಿರುವಾಗ ಘಮದ ತಳಿಗಳನ್ನು ಧಾರಾಳವಾಗಿ ಸುರಿಯುವವರ ಧೈರ್ಯ ಮೆಚ್ಚಬೇಕು.

ಒಂದು ಬೆರಕೆ ಮನಸ್ಸಿಗೆ ಬಂದ ಮೇಲೆ ಅದರಿಂದ ಒಂದೊಂದೇ ತಳಿಯನ್ನು ಕೈಬಿಟ್ಟು ಮತ್ತೆ ಬೆರೆಸಿ ನೋಡುತ್ತೇನೆ. ಬಿಟ್ಟದ್ದು ಯಾರಿಗೂ ತಿಳಿಯದಿದ್ದರೆ ಆ ತಳಿಗೆ ಅಲ್ಲಿ ಕೆಲಸವಿಲ್ಲ. ತಳಿಗಳ ಸಂಖ್ಯೆಯನ್ನು ಲೇಬಲ್ಲಿನ ಮೇಲೆ ಬರೆದುಕೊಳ್ಳುವ ಆಸೆಗೆ ಸೇರಿಸಿದ್ದು ಈ ಪರೀಕ್ಷೆಯಲ್ಲಿ ಉದುರಿಹೋಗುತ್ತದೆ. ಸೆಮಿಯೋನ್ ಮಾತ್ರ ಪ್ರತಿ ಸಲವೂ ಗೆಲ್ಲುತ್ತದೆ. ಇದ್ದಾಗ ಯಾರೂ ಅದರ ಹೆಸರೆತ್ತುವುದಿಲ್ಲ. ತೆಗೆದ ಕೂಡಲೇ, ಹಾಡಿನ ಹಿಂದಿನ ಶ್ರುತಿ ನಿಂತಂತೆ, ಎಲ್ಲರೂ ತಲೆ ಎತ್ತುತ್ತಾರೆ. ಅದರ ಮೇಣದಂಥ ನುಣುಪು ಉಳಿದವುಗಳ ಅಂಚುಗಳನ್ನು ಬೆಸೆಯುತ್ತದೆ.

ರುಚಿ ಒಪ್ಪಿಗೆಯಾದ ಮೇಲೆ ಪ್ರಯೋಗಾಲಯದ ಸರದಿ. ಮದ್ಯಸಾರ ಮತ್ತು ಒಟ್ಟು ಆಮ್ಲವನ್ನು ಪ್ರಮಾಣಕ್ಕೆ ತಕ್ಕಂತೆ ಕಾಗದದ ಮೇಲೇ ಲೆಕ್ಕ ಹಾಕಬಹುದು. ಪಿಎಚ್ (ಹುಳಿಯ ತೀವ್ರತೆಯ ಅಳತೆ) ಹಾಗಲ್ಲ, ಅಳೆದೇ ನೋಡಬೇಕು. ವೈನ್ ಕೆಡದಂತೆ ಹಾಕುವ ಗಂಧಕದ, ಅಂದರೆ ಸಲ್ಫರ್ ಡೈ ಆಕ್ಸೈಡಿನ, ಲೆಕ್ಕ ಅದರ ಮೇಲೆ ನಿಂತಿದೆ. ಸೂಕ್ಷ್ಮಜೀವಿಗಳನ್ನು ತಡೆಯುವ ಆಣ್ವಿಕ ರೂಪದ ಸಲ್ಫರ್ ಡೈ ಆಕ್ಸೈಡ್ ಲೀಟರಿಗೆ 0.8 ಮಿಲಿಗ್ರಾಂ ಬೇಕಾದರೆ ಪಿಎಚ್ 3.2 ಇದ್ದಾಗ ಲೀಟರಿಗೆ ಸುಮಾರು 22 ಮಿಲಿಗ್ರಾಂ ಮುಕ್ತ (ಬೇರೆ ಪದಾರ್ಥಗಳಿಗೆ ಅಂಟಿಕೊಳ್ಳದ) ಪ್ರಮಾಣ ಸಾಕು, 3.5ಕ್ಕೆ ಏರಿದರೆ ಸುಮಾರು 40 ಬೇಕು.

ಸ್ಥಿರತೆಯ ವಿಷಯದಲ್ಲಿ ಬೆರಕೆ ಯಾರ ಮಾತನ್ನೂ ಕೇಳುವುದಿಲ್ಲ. ಬೇರೆಯಾಗಿದ್ದಾಗ ಹರಳುಗಟ್ಟದ ಎರಡು ವೈನುಗಳು ಸೇರಿದ ಮೇಲೆ ಹರಳುಗಟ್ಟಬಹುದು. ಒಂದರ ಪೊಟ್ಯಾಸಿಯಂ ಇನ್ನೊಂದರ ಟಾರ್ಟಾರಿಕ್ ಆಮ್ಲವನ್ನು ಹುಡುಕಿಕೊಳ್ಳುತ್ತದೆ. ಸಾವಿನ್ಯೋನ್, ಗೆವುರ್ಟ್ಸ್‌ಟ್ರಾಮಿನರ್ ಎರಡರಲ್ಲೂ ಪ್ರೋಟೀನ್ ಹೆಚ್ಚು, ಹಾಗಾಗಿ ವೈನ್ ಮಸುಕಾಗುವ ಭಯ. ಮಾದರಿಯನ್ನು 80 ಡಿಗ್ರಿಗೆ ಕಾಯಿಸಿ, ತಣಿಸಿ ನೋಡಿದ ಮೇಲೆಯೇ ಬೆಂಟೊನೈಟ್ (ಪ್ರೋಟೀನನ್ನು ಹಿಡಿದುಕೊಳ್ಳುವ ಜೇಡಿಮಣ್ಣು) ಎಷ್ಟೆಂದು ತೀರ್ಮಾನಿಸುತ್ತೇನೆ. ಪ್ರತಿ ತಳಿಗೂ ಬೇರೆ ಬೇರೆಯಾಗಿ ಬೆಂಟೊನೈಟ್ ಹಾಕುವುದು ನನಗೆ ಹಿಡಿಸದು. ಅದು ಪ್ರೋಟೀನಿನ ಜೊತೆ ಒಂದಿಷ್ಟು ಘಮವನ್ನೂ ಎಳೆದುಕೊಂಡು ಹೋಗುತ್ತದೆ. ಬೆರೆಸಿದ ಮೇಲೆ ಒಂದೇ ಬಾರಿ, ಬೇಕಾದಷ್ಟೇ ಹಾಕಿದರೆ ಸಾಕು.

ಹೆಚ್ಚು ಎಚ್ಚರ ಬೇಕಾದದ್ದು ಶಾರ್ಡೊನೆಯ ಬಗ್ಗೆ. ಅದರಲ್ಲಿ ಮ್ಯಾಲಿಕ್ ಆಮ್ಲ ಮುಗಿದಿದೆ, ಅದನ್ನು ತಿಂದ ಬ್ಯಾಕ್ಟೀರಿಯಾಗಳು ಮುಗಿದಿಲ್ಲ. ಶೆನಿನ್, ರೀಸ್ಲಿಂಗ್‌ಗಳಲ್ಲಿ ಆ ಆಮ್ಲ ಹಾಗೇ ಇದೆ. ಎರಡನ್ನೂ ನೇರವಾಗಿ ಬೆರೆಸಿದರೆ ಹಸಿದವರ ಮುಂದೆ ಎಲೆ ಹಾಕಿದ ಹಾಗೆಯೇ. ಸೀಸೆಯೊಳಗೆ ಮತ್ತೆ ಕೆಲಸ ಶುರುವಾಗಿ ವೈನ್ ಮಸುಕಾಗುತ್ತದೆ, ನೊರೆಯುತ್ತದೆ. ಶಾರ್ಡೊನೆಗೆ ಮೊದಲೇ ಗಂಧಕ ಕೊಟ್ಟು ಸೋಸಿ, ಆಮೇಲಷ್ಟೇ ಜೊತೆಗೆ ಸೇರಿಸುತ್ತೇನೆ. ತುಂಬುವ ಮುನ್ನ ಇಡೀ ಬೆರಕೆ 0.45 ಮೈಕ್ರಾನಿನ ಫಿಲ್ಟರ್ ಹಾಯಲೇಬೇಕು.

ಬೆರೆಸಿದ ತಕ್ಷಣ ವೈನ್ ಚದುರಿದಂತೆ, ಮಂಕಾಗಿ ತೋರುತ್ತದೆ. ಆಗ ಗಾಬರಿಯಾಗಿ ಇನ್ನೊಂದಿಷ್ಟು ವಿಯೊನ್ಯೆ ಸೇರಿಸುವ ಆಸೆ ಬರುತ್ತದೆ. ಕೈ ಕಟ್ಟಿ ಕೂರಬೇಕು. ಕೆಲವು ವಾರ ಬಿಟ್ಟು ನೋಡಿದರೆ ತಳಿಗಳು ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಘಮದ ತಳಿಗಳು ಯಾವಾಗಲೂ ಮಿಗುತ್ತವೆ. ಅವುಗಳನ್ನು ಬೇರೆಯಾಗಿಯೇ ಸೀಸೆಗೆ ತುಂಬುತ್ತೇನೆ, ಮುಖ್ಯ ಟ್ಯಾಂಕಿಗೆ ಮಾತ್ರ ಸುರಿಯುವುದಿಲ್ಲ.