ಟೈಮ್‌ಶೇರ್ ಕೊಳ್ಳುವುದಾದರೆ ಡೆವಲಪರ್ ಬಳಿಯೋ, ಮರುಮಾರಾಟದಲ್ಲೋ?

ಅಮೆರಿಕದಲ್ಲಿ ನೆಲೆಸಿರುವ ನಮ್ಮವರಲ್ಲಿ ಅನೇಕರು ಟೈಮ್‌ಶೇರ್ ಎಂಬ ಮಾತನ್ನು ಮೊದಲು ಕೇಳುವುದು ಫ್ಲಾರಿಡಾದ ಒರ್ಲ್ಯಾಂಡೊದಲ್ಲಿ. ರಜೆಯ ವಸತಿಗೃಹವೊಂದನ್ನು ಪ್ರತಿ ವರ್ಷ ಕೆಲವು ದಿನ ಬಳಸುವ ಹಕ್ಕನ್ನು ಕೊಳ್ಳುವುದೇ ಟೈಮ್‌ಶೇರ್; ಅದನ್ನು ಕಟ್ಟಿ ಮಾರುವ ಸಂಸ್ಥೆ ಡೆವಲಪರ್, ಹಿಂದೆ ಕೊಂಡವರು ಇನ್ನೊಬ್ಬರಿಗೆ ಮಾರುವುದು ಮರುಮಾರಾಟ. ಮಕ್ಕಳಿಗೆ ಡಿಸ್ನಿ ತೋರಿಸಲು ಹೋದಾಗ, ತೊಂಬತ್ತು ನಿಮಿಷ ಕುಳಿತು ಮಾಹಿತಿ ಕೇಳಿದರೆ ಟಿಕೆಟ್ಟಿನಲ್ಲೋ ಕೋಣೆಯ ಬಾಡಿಗೆಯಲ್ಲೋ ರಿಯಾಯಿತಿ ಕೊಡುತ್ತೇವೆಂದು ಯಾರೋ ಕರೆಯುತ್ತಾರೆ. ನಾವೂ ಒಮ್ಮೆ ಹಾಗೆ ಹೋದೆವು. ತೊಂಬತ್ತು ನಿಮಿಷ ನಾಲ್ಕು ಗಂಟೆಯಾಯಿತು, ಮಗು ಹಸಿದು ಅಳುತ್ತಿತ್ತು, ಎದುರಿಗಿದ್ದವರು ಮೂರನೆಯ ಬಾರಿ ಬೆಲೆ ಇಳಿಸಿ, ಈ ದರ ಇವತ್ತಿಗೆ ಮಾತ್ರ ಎಂದರು. ಸಹಿ ಮಾಡದೆ ಎದ್ದು ಬಂದೆವು. ಅದೇ ಸಂಸ್ಥೆಯ ಅದೇ ವಸತಿಗೃಹದ ಪಾಲನ್ನು ಹಿಂದಿನ ಮಾಲೀಕರು ಅದರ ಅರ್ಧಕ್ಕೂ ಕಡಿಮೆ ಬೆಲೆಗೆ ಮಾರುತ್ತಿದ್ದರೆಂಬುದು ಮನೆಗೆ ಬಂದ ಮೇಲೆ ತಿಳಿಯಿತು. ಅಂಥ ಮೇಜಿನ ಮುಂದೆ ಕುಳಿತುಕೊಳ್ಳುವ ಮೊದಲೇ ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ಬರೆದಿದ್ದೇನೆ.

ನೀವು ಕೊಳ್ಳುತ್ತಿರುವುದು ಏನು ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಕೆಲವು ಟೈಮ್‌ಶೇರುಗಳಲ್ಲಿ ಒಂದು ನಿರ್ದಿಷ್ಟ ವಾರದ ಹಕ್ಕಿಗೆ ಕ್ರಯಪತ್ರವಾಗುತ್ತದೆ ಮತ್ತು ಆ ಹಕ್ಕಿಗೆ ಕೊನೆಯ ದಿನಾಂಕವೇ ಇರುವುದಿಲ್ಲ. ಇನ್ನು ಕೆಲವು ಒಂದು ಗೊತ್ತಾದ ವರ್ಷಕ್ಕೆ ಮುಗಿಯುತ್ತವೆ. 1991ರಲ್ಲಿ ಆರಂಭವಾದ ಡಿಸ್ನಿಯ ಟೈಮ್‌ಶೇರ್ ಯೋಜನೆ, ಡಿಸ್ನಿ ವೆಕೇಷನ್ ಕ್ಲಬ್, ಎರಡನೆಯ ಬಗೆಯದು. ಅದರ ಹಳೆಯ ವಸತಿಗೃಹಗಳಲ್ಲಿ ಹಲವು 2042ರ ಜನವರಿಗೆ ಮುಗಿಯುತ್ತವೆ, ಸಾರಟೋಗ ಸ್ಪ್ರಿಂಗ್ಸ್ 2054ಕ್ಕೆ, ಪಾಲಿನೇಷಿಯನ್ 2066ಕ್ಕೆ, ರಿವಿಯೆರಾ 2070ಕ್ಕೆ. ಅಲ್ಲಿ ವಾರಗಳ ಬದಲು ಪ್ರತಿ ವರ್ಷ ಕೈಗೆ ಬರುವ ಪಾಯಿಂಟುಗಳಿರುತ್ತವೆ; ಕೋಣೆ ದೊಡ್ಡದಾದಂತೆ, ಜನ ಹೆಚ್ಚು ಬರುವ ಕಾಲವಾದಂತೆ ಹೆಚ್ಚು ಪಾಯಿಂಟು ಬೇಕಾಗುತ್ತದೆ. ಬಗೆ ಯಾವುದೇ ಆಗಿರಲಿ, ವರ್ಷಕ್ಕೊಮ್ಮೆ ಕಟ್ಟಬೇಕಾದ ನಿರ್ವಹಣಾ ಶುಲ್ಕ ಮಾತ್ರ ತಪ್ಪದು. ನೀವು ಹೋದರೂ ಹೋಗದಿದ್ದರೂ, ಕೆಲಸ ಇದ್ದರೂ ಇಲ್ಲದಿದ್ದರೂ ಅದನ್ನು ಕಟ್ಟಲೇಬೇಕು. ಬಹುತೇಕ ವರ್ಷಗಳಲ್ಲಿ ಅದು ಏರುತ್ತದೆ. ಚಂಡಮಾರುತದಿಂದ ಹಾನಿಯಾದಾಗಲೋ ದೊಡ್ಡ ದುರಸ್ತಿ ಬಂದಾಗಲೋ ವಿಶೇಷ ವಂತಿಗೆಯನ್ನೂ ಕೇಳಬಹುದು. ಸಾಲ ಮಾಡಿ ಕೊಂಡ ಸೈಟು ಕೊನೆಗೊಂದು ದಿನ ಋಣಮುಕ್ತವಾಗುತ್ತದೆ, ಟೈಮ್‌ಶೇರಿನಲ್ಲಿ ಹಕ್ಕು ಇರುವವರೆಗೂ ಆ ದಿನ ಬರುವುದಿಲ್ಲ.

ಡೆವಲಪರ್ ಹೇಳುವ ಬೆಲೆಯಲ್ಲಿ ಕಟ್ಟಡದ ಪಾಲಿನ ಜೊತೆಗೆ ನಿಮ್ಮನ್ನು ಆ ಮೇಜಿಗೆ ಕರೆತರಲು ಮಾಡಿದ ಖರ್ಚು, ರಿಯಾಯಿತಿ ಟಿಕೆಟ್ಟಿನ ವೆಚ್ಚ, ಮಾರಾಟಗಾರರ ಕಮಿಷನ್ ಎಲ್ಲವೂ ಸೇರಿರುತ್ತವೆ. ಮುಂದೆ ಕೊಳ್ಳುವವರು ಇವನ್ನು ನಿಮಗೆ ಕಟ್ಟಿಕೊಡುವುದಿಲ್ಲವಾದ್ದರಿಂದ ಸಹಿ ಹಾಕಿದ ಮರುದಿನವೇ ಮಾರಲು ಹೋದರೂ ಬೆಲೆ ಬಹಳಷ್ಟು ಇಳಿದಿರುತ್ತದೆ. ಇದು ಮರುಮಾರಾಟದಲ್ಲಿ ಕೊಳ್ಳುವವರಿಗೆ ಲಾಭ. ಆದರೆ ಅಲ್ಲಿಯೂ ಕಣ್ಣು ಮುಚ್ಚಿಕೊಂಡು ಹೋಗುವಂತಿಲ್ಲ. ಕೆಲವು ಟೈಮ್‌ಶೇರುಗಳನ್ನು ಒಂದು ಡಾಲರಿಗೆ ಮಾರಾಟಕ್ಕಿಟ್ಟಿರುವುದನ್ನು ನೋಡಿ ಎಂಥ ಅಗ್ಗವೆಂದು ಅನಿಸಬಹುದು. ಹಾಗೆ ಮಾರುವವರಿಗೆ ಬೇಕಿರುವುದು ಹಣವಲ್ಲ, ಶುಲ್ಕದ ಹೊರೆಯಿಂದ ಬಿಡುಗಡೆ. ಅಲ್ಲಿ ಒಂದು ಡಾಲರಿಗೆ ನಿಮ್ಮ ಹೆಸರಿಗೆ ಬರುವುದು ಆ ಹೊರೆಯೇ.

ಮರುಮಾರಾಟದಲ್ಲಿ ಕೊಂಡರೆ ಯಾವ ಸೌಲಭ್ಯಗಳು ಕೈಬಿಡುತ್ತವೆ ಎಂಬುದು ಸಂಸ್ಥೆಯಿಂದ ಸಂಸ್ಥೆಗೆ ಬೇರೆ, ಮತ್ತು ನಿರ್ಧಾರವೆಲ್ಲ ನಿಂತಿರುವುದು ಇಲ್ಲಿಯೇ. ಡಿಸ್ನಿಯಲ್ಲಿ 2019ರ ಜನವರಿ 19ರಿಂದ ಈಚೆಗೆ ಹಳೆಯ ಹದಿನಾಲ್ಕು ವಸತಿಗೃಹಗಳ ಪಾಯಿಂಟುಗಳನ್ನು ಇನ್ನೊಬ್ಬರಿಂದ ಕೊಂಡವರು ಆ ಹದಿನಾಲ್ಕರಲ್ಲಿ ಮಾತ್ರ ಉಳಿಯಬಹುದು. ರಿವಿಯೆರಾ, ಡಿಸ್ನಿಲ್ಯಾಂಡ್ ಹೋಟೆಲಿನ ವಿಲ್ಲಾಗಳು, ಫೋರ್ಟ್ ವಿಲ್ಡರ್ನೆಸ್‌ನ ಕ್ಯಾಬಿನ್ನುಗಳು ಅವರಿಗೆ ಸಿಗುವುದಿಲ್ಲ. ರಿವಿಯೆರಾವನ್ನೇ ಇನ್ನೊಬ್ಬರಿಂದ ಕೊಂಡರೆ ರಿವಿಯೆರಾ ಬಿಟ್ಟು ಬೇರೆಲ್ಲೂ ಆ ಪಾಯಿಂಟು ನಡೆಯದು. ಸದಸ್ಯರಿಗೆಂದು ಇರುವ ರಿಯಾಯಿತಿಗಳೂ, ಪಾಯಿಂಟಿನಲ್ಲಿ ಹಡಗು ಪ್ರವಾಸ ಕಾಯ್ದಿರಿಸುವ ಅವಕಾಶವೂ ಇರುವುದಿಲ್ಲ. ಆದರೆ ಮುಖ್ಯವಾದದ್ದು ಉಳಿಯುತ್ತದೆ: ನಿಮ್ಮ ಸ್ವಂತ ವಸತಿಗೃಹವನ್ನು ಹನ್ನೊಂದು ತಿಂಗಳು ಮುಂಚೆ, ನಿಮಗೆ ತೆರೆದಿರುವ ಉಳಿದವನ್ನು ಏಳು ತಿಂಗಳು ಮುಂಚೆ ಕಾಯ್ದಿರಿಸುವ ಹಕ್ಕು ನೇರವಾಗಿ ಕೊಂಡವರಷ್ಟೇ ನಿಮಗೂ ಇರುತ್ತದೆ. ಟೈಮ್‌ಶೇರ್ ಮಾರುವ ಇನ್ನೊಂದು ಸಂಸ್ಥೆ ಮ್ಯಾರಿಯಟ್‌ನಲ್ಲಿ 2010ರ ಜೂನ್ 20ರ ನಂತರ ಹೊರಗಿನಿಂದ ಕೊಂಡ ವಾರಗಳನ್ನು ಸಾಮಾನ್ಯವಾಗಿ ಪಾಯಿಂಟ್ ಯೋಜನೆಗೆ ಸೇರಿಸಲಾಗುವುದಿಲ್ಲ. ಇಂಥದೇ ಸಂಸ್ಥೆ ವಿಂಡಮ್‌ನಲ್ಲಿ ಹೀಗೆ ಹೊರಗಿನಿಂದ ಕೊಂಡ ಪಾಯಿಂಟುಗಳು, ಹೆಚ್ಚು ಪಾಯಿಂಟುಳ್ಳವರಿಗೆ ಹೆಚ್ಚು ಸೌಲಭ್ಯ ಕೊಡುವ ವಿಐಪಿ ದರ್ಜೆಯ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಮಾರಾಟಗಾರರು ವರ್ಣಿಸುವ ಸೌಲಭ್ಯಗಳಲ್ಲಿ ನಿಮ್ಮ ಮನೆಯವರು ನಿಜವಾಗಿ ಬಳಸುವಂಥವು ಯಾವುವು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಎರಡು ವರ್ಷಕ್ಕೊಮ್ಮೆ ಬೇಸಗೆ ರಜೆಯನ್ನು ಬೆಂಗಳೂರಿನಲ್ಲೋ ಶಿವಮೊಗ್ಗದಲ್ಲೋ ಅಜ್ಜಿ ತಾತಂದಿರ ಜೊತೆ ಕಳೆಯುವ ಕುಟುಂಬಕ್ಕೆ ಅವುಗಳಲ್ಲಿ ಬಹಳಷ್ಟು ಉಪಯೋಗಕ್ಕೆ ಬರುವುದಿಲ್ಲ.

ಈಗ ಲೆಕ್ಕ. ತಿಳಿಯಲೆಂದು ಮಾತ್ರ ಈ ಅಂಕಿಗಳನ್ನು ಊಹಿಸಿಕೊಳ್ಳೋಣ: 150 ಪಾಯಿಂಟು, ನೇರ ಬೆಲೆ ಪಾಯಿಂಟಿಗೆ 220 ಡಾಲರ್, ಮರುಮಾರಾಟದ ಬೆಲೆ 110 ಡಾಲರ್, ವರ್ಷದ ಶುಲ್ಕ ಪಾಯಿಂಟಿಗೆ 9 ಡಾಲರ್. ನೇರವಾಗಿ ಕೊಂಡರೆ 33,000, ಇನ್ನೊಬ್ಬರಿಂದ ಕೊಂಡರೆ 16,500. ಆದರೆ ಹೊಸದರಲ್ಲಿ 40 ವರ್ಷ, ಹಳೆಯದರಲ್ಲಿ 25 ವರ್ಷ ಉಳಿದಿದ್ದರೆ ವರ್ಷವೊಂದಕ್ಕೆ ಬೀಳುವ ಬೆಲೆ 825 ಮತ್ತು 660 ಡಾಲರ್. ಇಂದಿನ ದರದ ಶುಲ್ಕವಾದ 1,350 ಡಾಲರ್ ಸೇರಿಸಿದರೆ 2,175 ಮತ್ತು 2,010. ವ್ಯತ್ಯಾಸ ಇಷ್ಟೇ ಎಂದು ಮಾರಾಟಗಾರರು ಹೇಳಿದರೆ ಅದರಲ್ಲಿ ಸುಳ್ಳಿಲ್ಲ. ಆದರೆ ಹೆಚ್ಚಿನ 16,500 ಡಾಲರನ್ನು ನೀವು ಇಂದೇ ಕೊಡುತ್ತೀರಿ. ಅದಕ್ಕೆ ಪ್ರತಿಯಾಗಿ ಸಿಗುವ ಹೆಚ್ಚುವರಿ ವರ್ಷಗಳು ಇಪ್ಪತ್ತೈದು ವರ್ಷ ಕಳೆದ ಮೇಲೆ ಶುರುವಾಗುತ್ತವೆ. ಈಗ ನಲವತ್ತರ ಪ್ರಾಯದವರು ಆಗ ಅರವತ್ತೈದು ದಾಟಿರುತ್ತಾರೆ, ಮಕ್ಕಳು ತಮ್ಮ ಪಾಡಿಗೆ ಬೇರೆ ಊರುಗಳಲ್ಲಿರುತ್ತಾರೆ. ಆ ವರ್ಷಗಳಿಗೆ ಈಗಲೇ ಹಣ ಕಟ್ಟುವುದು ನನಗೆ ಸರಿ ಕಾಣುವುದಿಲ್ಲ.

ಡೆವಲಪರ್ ಕೊಡುವ ಸಾಲದ ವಿಷಯವನ್ನು ಇನ್ನೂ ಒತ್ತಿ ಹೇಳಬೇಕು. ಬಡ್ಡಿ ಹಲವೆಡೆ ಶೇಕಡಾ 12ನ್ನು ಮೀರುತ್ತದೆ. ಮೇಲಿನ 33,000 ಡಾಲರನ್ನು ಶೇಕಡಾ 14ರ ಬಡ್ಡಿಗೆ ಹತ್ತು ವರ್ಷದ ಸಾಲವಾಗಿ ಪಡೆದರೆ ತಿಂಗಳ ಕಂತು ಸುಮಾರು 512 ಡಾಲರ್ ಆಗುತ್ತದೆ, ಕೊನೆಗೆ ಕಟ್ಟಿದ ಒಟ್ಟು ಮೊತ್ತ 61,000 ಡಾಲರನ್ನು ದಾಟುತ್ತದೆ. ಕೈಯಲ್ಲಿ ಹಣವಿಲ್ಲದಿದ್ದರೆ ಕೊಳ್ಳಬೇಡಿ. ರಜೆ ಹೋಟೆಲಿನಲ್ಲೂ ಚೆನ್ನಾಗಿಯೇ ಕಳೆಯುತ್ತದೆ.

ಮರುಮಾರಾಟವೇ ಸರಿಯೆಂದು ತೀರ್ಮಾನಿಸಿದವರು ಮೊದಲು ಒಂದು ಸಲ ಯಾರಾದರೂ ಮಾಲೀಕರಿಂದ ಪಾಯಿಂಟುಗಳನ್ನು ಬಾಡಿಗೆಗೆ ಪಡೆದು ಅಲ್ಲಿ ಉಳಿದು ನೋಡಬೇಕು. ಇಷ್ಟವಾದರೆ, ನಿಮಗೆ ಬೇಕಾದ ವಸತಿಗೃಹದ ಇತ್ತೀಚಿನ ಮಾರಾಟಗಳು ಎಷ್ಟಕ್ಕೆ ಆಗಿವೆ ಎಂದು ನೋಡಿ. ಒರ್ಲ್ಯಾಂಡೊ ಇರುವ ಆರೆಂಜ್ ಕೌಂಟಿಯಲ್ಲಿ ನೋಂದಣಿಯಾದ ಕ್ರಯಪತ್ರಗಳನ್ನು ಕೌಂಟಿಯ ಕಂಪ್ಟ್ರೋಲರ್ ಕಚೇರಿಯ ದಾಖಲೆಗಳಲ್ಲಿ ಯಾರು ಬೇಕಾದರೂ ಹುಡುಕಬಹುದು. ಕ್ರಯಪತ್ರದಲ್ಲಿ ಬೆಲೆ ಬರೆದಿಲ್ಲದಿದ್ದರೂ ಮುದ್ರಾಂಕ ತೆರಿಗೆ ಬರೆದಿರುತ್ತದೆ. ಅಲ್ಲಿ ಪ್ರತಿ 100 ಡಾಲರಿಗೆ 70 ಸೆಂಟ್ ದರವಾದ್ದರಿಂದ, 84 ಡಾಲರ್ ತೆರಿಗೆ ಕಟ್ಟಿದ್ದರೆ ಬೆಲೆ ಸುಮಾರು 12,000 ಡಾಲರ್ ಎಂದು ತಿಳಿಯುತ್ತದೆ. ಇಷ್ಟು ಗೊತ್ತಿದ್ದರೆ ಚೌಕಾಸಿಗೆ ಕುಳಿತಾಗ ಅಳುಕು ಇರುವುದಿಲ್ಲ.

ಒಪ್ಪಂದ ಮಾಡಿಕೊಳ್ಳುವಾಗ ಬೆಲೆಯಷ್ಟೇ ಎಚ್ಚರದಿಂದ ಪಾಯಿಂಟುಗಳ ಸ್ಥಿತಿಯನ್ನು ಕೇಳಿ. ಮಾರುವವರು ಈ ವರ್ಷದ ಪಾಯಿಂಟುಗಳನ್ನು ಖರ್ಚು ಮಾಡಿ ಮುಂದಿನ ವರ್ಷದವನ್ನೂ ಎರವಲು ಪಡೆದು ಮುಗಿಸಿರಬಹುದು. ಹಾಗಿದ್ದರೆ ಒಂದೆರಡು ವರ್ಷ ನಿಮಗೆ ಏನೂ ಸಿಗುವುದಿಲ್ಲ. ಈ ವರ್ಷದ ಶುಲ್ಕವನ್ನು ಯಾರು ಕಟ್ಟಬೇಕೆಂಬುದು ಬರವಣಿಗೆಯಲ್ಲಿರಲಿ. ಡಿಸ್ನಿಯ ವಿಷಯದಲ್ಲಿ, ನೀವು ಒಪ್ಪಿದ ಅದೇ ಬೆಲೆಗೆ ಆ ಪಾಲನ್ನು ತಾನೇ ಕೊಂಡುಕೊಳ್ಳುವ ಮೊದಲ ಹಕ್ಕು ಸಂಸ್ಥೆಗಿದ್ದು, ಉತ್ತರಕ್ಕೆ ಮೂವತ್ತು ದಿನದ ಅವಧಿಯಿದೆ. ಬೆಲೆ ತೀರ ಕಡಿಮೆಯಿದ್ದರೆ ಕೈತಪ್ಪಬಹುದು; ಹಾಗಾದರೆ ಬೇರೆಯದನ್ನು ಹುಡುಕಬೇಕಷ್ಟೆ. ಆ ಘಟ್ಟ ದಾಟಿದ ಮೇಲೆ ಎಸ್ಟಾಪೆಲ್ ಪತ್ರ ತರಿಸಬೇಕು. ಊರಿನಲ್ಲಿ ಸೈಟು ಕೊಳ್ಳುವಾಗ ಉಪನೋಂದಣಿ ಕಚೇರಿಯಿಂದ ಋಣಭಾರ ಪತ್ರ ತೆಗೆಸುತ್ತೇವಲ್ಲ, ಹೆಚ್ಚು ಕಡಿಮೆ ಆ ಕೆಲಸವನ್ನು ಇದು ಮಾಡುತ್ತದೆ: ಮಾಲೀಕರು ಯಾರು, ಎಷ್ಟು ಪಾಯಿಂಟು ಉಳಿದಿದೆ, ಶುಲ್ಕ ಬಾಕಿಯಿದೆಯೇ ಎಂಬುದನ್ನು ಸಂಸ್ಥೆಯೇ ಬರೆದು ತಿಳಿಸುತ್ತದೆ. ಸಂಸ್ಥೆಯಲ್ಲದೆ ಬೇರೆಯವರ ಸಾಲ ಆ ಆಸ್ತಿಯ ಮೇಲಿದೆಯೇ ಎಂದು ಆಸ್ತಿಯ ಹಕ್ಕನ್ನು ಪರಿಶೀಲಿಸುವ ಟೈಟಲ್ ಕಂಪನಿ ದಾಖಲೆ ಹುಡುಕಿ ಹೇಳುತ್ತದೆ. ಹಣವನ್ನು ಮಾರುವವರ ಕೈಗೆ ನೇರವಾಗಿ ಕೊಡದೆ ಪರವಾನಗಿಯುಳ್ಳ ಟೈಟಲ್ ಕಂಪನಿಯ ಎಸ್ಕ್ರೋ ಖಾತೆಗೆ, ಅಂದರೆ ವ್ಯವಹಾರ ಮುಗಿಯುವವರೆಗೆ ಹಣವನ್ನು ಕಾಯ್ದಿಡುವ ಖಾತೆಗೆ, ಹಾಕಿ. ಕ್ರಯಪತ್ರ ಕೌಂಟಿಯಲ್ಲಿ ನೋಂದಣಿಯಾಗಿ, ಸಂಸ್ಥೆಯ ಪುಸ್ತಕದಲ್ಲಿ ನಿಮ್ಮ ಹೆಸರು ಬರುವವರೆಗೆ ಕೆಲಸ ಮುಗಿದಿಲ್ಲವೆಂದೇ ತಿಳಿಯಿರಿ. ಎಲ್ಲ ಸೇರಿ ಒಂದೆರಡು ತಿಂಗಳು ಹಿಡಿಯಬಹುದು, ಆದ್ದರಿಂದ ಮುಂದಿನ ತಿಂಗಳ ಪ್ರವಾಸಕ್ಕೆ ಇದನ್ನು ನೆಚ್ಚಿಕೊಳ್ಳಬೇಡಿ.

ನೇರವಾಗಿ ಕೊಳ್ಳುವುದು ಯಾವಾಗಲೂ ತಪ್ಪೆಂದು ನಾನು ಹೇಳುವುದಿಲ್ಲ. ಹೊಸ ವಸತಿಗೃಹವೇ ಬೇಕೆನ್ನುವವರಿಗೆ, ಪ್ರತಿ ವರ್ಷ ತಪ್ಪದೆ ಹೋಗುವವರಿಗೆ, ಸಾಲವಿಲ್ಲದೆ ಕೊಳ್ಳಬಲ್ಲವರಿಗೆ ಅದು ಒಪ್ಪಬಹುದು. ಹಾಗೆ ಕೊಳ್ಳುವಾಗ ಬಾಯಿಮಾತಿನ ಭರವಸೆಗಳನ್ನೆಲ್ಲ ಕರಾರಿನಲ್ಲಿ ಬರೆದುಕೊಡಲು ಕೇಳಿ. ಬರೆಯಲಾಗದೆಂದರೆ ಆ ಭರವಸೆ ಇಲ್ಲವೆಂದೇ ಎಣಿಸಿ. ಸಹಿ ಮಾಡಿ ಬಂದು ರಾತ್ರಿ ನಿದ್ದೆ ಬರದಿದ್ದರೂ ದಾರಿಯಿದೆ. ಫ್ಲಾರಿಡಾದ ಕಾನೂನಿನಂತೆ, ಸಹಿ ಮಾಡಿದ ದಿನ ಅಥವಾ ಅಗತ್ಯ ದಾಖಲೆಗಳಲ್ಲಿ ಕೊನೆಯದು ಕೈಸೇರಿದ ದಿನ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಂದ ಹತ್ತು ದಿನಗಳೊಳಗೆ ಯಾವ ದಂಡವೂ ಇಲ್ಲದೆ ಕರಾರು ರದ್ದು ಮಾಡಬಹುದು, ಮತ್ತು ಈ ಹಕ್ಕನ್ನು ಬಿಟ್ಟುಕೊಟ್ಟಿರುವೆನೆಂದು ನಿಮ್ಮಿಂದ ಬರೆಸಿಕೊಂಡರೂ ಅದಕ್ಕೆ ಬೆಲೆಯಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಈ ಅವಧಿ ಏಳು ದಿನ, ನೆವಾಡದಲ್ಲಿ ಐದೇ ದಿನ. ಫೋನಿನಲ್ಲಿ ಹೇಳಿದರೆ ಸಾಲದು. ಕರಾರಿನಲ್ಲಿ ಕೊಟ್ಟಿರುವ ವಿಳಾಸಕ್ಕೆ ಅಲ್ಲಿ ಹೇಳಿರುವ ರೀತಿಯಲ್ಲೇ ಪತ್ರ ಬರೆದು, ಕೊಂಡವರೆಲ್ಲರೂ ಸಹಿ ಮಾಡಿ, ನೋಂದಾಯಿತ ಅಂಚೆಯಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಿ. ಮನಸ್ಸು ಬದಲಿಸಬೇಡಿರೆಂದು ಕರೆಗಳು ಬರಬಹುದು. ಅವಕ್ಕೆ ಉತ್ತರಿಸುವ ಬಾಧ್ಯತೆ ನಿಮಗಿಲ್ಲ.

ಮುಂದೊಂದು ದಿನ ಮಾರಬೇಕಾಗಿ ಬಂದಾಗ, ನಿಮ್ಮ ಟೈಮ್‌ಶೇರಿಗೆ ಒಳ್ಳೆಯ ಬೆಲೆಯ ಗಿರಾಕಿ ಸಿದ್ಧವಿದ್ದಾರೆ, ತೆರಿಗೆಯೋ ಶುಲ್ಕವೋ ಮುಂಗಡ ಕಟ್ಟಿ ಎಂದು ಯಾರಾದರೂ ಫೋನ್ ಮಾಡಿದರೆ ಅದು ಮೋಸವೆಂದೇ ತಿಳಿದು ಕರೆ ಮುಗಿಸಿ. ಮೆಕ್ಸಿಕೋದ ಮಾದಕವಸ್ತು ಜಾಲವೊಂದು ಅಮೆರಿಕದ ಟೈಮ್‌ಶೇರ್ ಮಾಲೀಕರನ್ನು, ಅದರಲ್ಲೂ ವಯಸ್ಸಾದವರನ್ನು, ಹೀಗೆ ದೋಚುತ್ತಿದೆಯೆಂದು ಅಮೆರಿಕದ ಖಜಾನೆ ಇಲಾಖೆ ಮತ್ತು ಎಫ್‌ಬಿಐ 2024ರಲ್ಲಿ ಎಚ್ಚರಿಸಿವೆ. ಪ್ರಾಮಾಣಿಕ ದಲ್ಲಾಳಿಗಳು ಮಾರಾಟ ಮುಗಿದ ಮೇಲೆ ತಮ್ಮ ಕಮಿಷನ್ ತೆಗೆದುಕೊಳ್ಳುತ್ತಾರೆ.

ಒಂದು ದಿನ ಊರಿಗೆ ಮರಳುವ ಯೋಚನೆಯಿರುವವರು ಇನ್ನೊಂದು ವಿಷಯವನ್ನು ಗಮನಿಸಬೇಕು. ಬೆಂಗಳೂರಿಗೆ ಬಂದ ಮೇಲೂ ಶುಲ್ಕದ ಬಿಲ್ಲು ಡಾಲರಿನಲ್ಲೇ ಬರುತ್ತದೆ. ಭಾರತದ ತೆರಿಗೆ ಕಾನೂನಿನ ಪ್ರಕಾರ ನೀವು ಪೂರ್ಣ ನಿವಾಸಿಯಾದ ಮೇಲೆ ಆ ಆಸ್ತಿಯನ್ನು ರಿಟರ್ನಿನ ವಿದೇಶಿ ಆಸ್ತಿಗಳ ಪಟ್ಟಿಯಲ್ಲಿ ತೋರಿಸಬೇಕು. ಆದ್ದರಿಂದ ವೀಸಾದ ಮೇಲಿರುವವರು, ಗ್ರೀನ್ ಕಾರ್ಡಿಗೆ ಕಾಯುತ್ತಿರುವವರು ಕೊನೆಯ ದಿನಾಂಕವಿಲ್ಲದ ಕ್ರಯಪತ್ರದ ತಂಟೆಗೆ ಹೋಗದಿರುವುದೇ ಕ್ಷೇಮ. ಈಗಾಗಲೇ ಕೊಂಡಿದ್ದರೆ ಕಾಗದಗಳು ಎಲ್ಲಿವೆಯೆಂದು ಮಕ್ಕಳಿಗೆ ಹೇಳಿಡಿ, ಬೇಡವೆನ್ನುವ ಹಕ್ಕು ಅವರಿಗಿದೆಯೆಂಬುದನ್ನೂ ಹೇಳಿಡಿ: ಉತ್ತರಾಧಿಕಾರವಾಗಿ ಬಂದ ಟೈಮ್‌ಶೇರನ್ನು ಬಳಸದೆ, ಅದರ ಶುಲ್ಕ ಕಟ್ಟದೆ, ಸಾಮಾನ್ಯವಾಗಿ ಒಂಬತ್ತು ತಿಂಗಳೊಳಗೆ ಬರವಣಿಗೆಯಲ್ಲಿ ನಿರಾಕರಿಸಲು ಅಮೆರಿಕದ ಕಾನೂನಿನಲ್ಲಿ ಅವಕಾಶವಿದೆ, ಅದಕ್ಕೆ ಆ ರಾಜ್ಯದ ವಕೀಲರೊಬ್ಬರ ನೆರವು ಪಡೆಯಬೇಕು.