ಕಪ್ಪು ಮಣ್ಣಿಗೆ ಒಂದು ದ್ರಾವಣ, ಕೆಂಪು ಮಣ್ಣಿಗೆ ಇನ್ನೊಂದು

ಹೊಲದಲ್ಲಿ ರಂಜಕ ಎಷ್ಟಿದ್ದರೂ ಬೇರಿಗೆ ಸಿಗುವುದು ಸ್ವಲ್ಪವೇ. ಉಳಿದದ್ದು ಕಪ್ಪು ಮಣ್ಣಿನಲ್ಲಿ ಸುಣ್ಣದ ಜೊತೆ, ಕೆಂಪು ಮಣ್ಣಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಜೊತೆ ಗಟ್ಟಿಯಾಗಿ ಕೂತಿರುತ್ತದೆ. ಬೆಳೆಗೆ ಸಿಗುವ ಆ ಸ್ವಲ್ಪವನ್ನು ಅಳೆಯುವುದೇ ನನ್ನ ಕೆಲಸ. ಪುಣೆಯ ಹಡಪ್ಸರ್‌ನಲ್ಲಿ ನಮ್ಮದೊಂದು ಚಿಕ್ಕ ಲ್ಯಾಬ್ ಇದೆ. ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಇಲ್ಲೇ ನೆಲೆಸಿ, ದೌಂಡ್, ಪುರಂದರ ತಾಲ್ಲೂಕುಗಳಲ್ಲಿ ಜಮೀನು ಮಾಡುತ್ತಿರುವ ಕನ್ನಡದವರೂ ಮಣ್ಣು ತರುತ್ತಾರೆ.

ಮೊದಲು ಕೇಳುವುದು ಮಣ್ಣು ಹೇಗೆ ತೆಗೆದಿರಿ ಅಂತ. ರಂಜಕ ಮಣ್ಣಿನಲ್ಲಿ ಹೆಚ್ಚು ಓಡಾಡುವುದಿಲ್ಲ, ಹಾಕಿದ ಜಾಗದ ಸುತ್ತಮುತ್ತಲೇ ಉಳಿಯುತ್ತದೆ. ಕಬ್ಬಿನ ಸಾಲಲ್ಲಿ ಗೊಬ್ಬರ ಬಿದ್ದ ಕಡೆಯೇ ಮಣ್ಣು ತೆಗೆದರೆ ರಂಜಕ ಜಾಸ್ತಿ ಕಾಣುತ್ತದೆ. ಎರಡು ಮಾರು ಪಕ್ಕಕ್ಕೆ ಹೋದರೆ ಕಡಿಮೆ. ಅದಕ್ಕೇ ಹೊಲದಲ್ಲಿ ಅಂಕುಡೊಂಕಾಗಿ ನಡೆದು ಎಂಟು ಹತ್ತು ಕಡೆ ತೆಗೆಯಬೇಕು. ಬದು, ಮರದ ನೆರಳು, ತಿಪ್ಪೆ ಇದ್ದ ಜಾಗ ಬೇಡ. ಮೇಲಿನ ಕಸ ಸರಿಸಿ, 15 ಸೆಂಟಿಮೀಟರ್ ಆಳಕ್ಕೆ ಇಳಿಜಾರಾಗಿ ಗುಂಡಿ ತೋಡಿ, ಅದರ ಗೋಡೆಯಿಂದ ಮೇಲಿಂದ ಕೆಳತನಕ ಒಂದೇ ದಪ್ಪದ ಪದರ ಕೆರೆದುಕೊಳ್ಳಬೇಕು. ಎಲ್ಲವನ್ನೂ ಬೆರೆಸಿ ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಬಿಡಬೇಕು. ಅರ್ಧ ಕಿಲೋ ಉಳಿಯುವ ತನಕ ಹೀಗೇ ಮಾಡಬೇಕು.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ರಂಜಕದ ಗೊಬ್ಬರವಾದ ಡಿಎಪಿಯ ಖಾಲಿ ಚೀಲದಲ್ಲಿ ಮಣ್ಣು ತುಂಬಬೇಡಿ! ಅದರಲ್ಲಿ ಅಂಟಿಕೊಂಡ ನಾಲ್ಕು ಕಾಳು ಗೊಬ್ಬರ ಸಾಕು, ಇಡೀ ಪರೀಕ್ಷೆ ವ್ಯರ್ಥ. ಲ್ಯಾಬಿನಲ್ಲೂ ಅಷ್ಟೇ. ಕೆಲವು ಸೋಪಿನ ಪುಡಿಗಳಲ್ಲಿ ಫಾಸ್ಫೇಟ್ ಇರುತ್ತದೆ. ಆದ್ದರಿಂದ ಗಾಜಿನ ಸಾಮಾನನ್ನು ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದು, ಡಿಸ್ಟಿಲ್ಡ್ ನೀರಿನಲ್ಲಿ ಜಾಲಾಡಿಸುತ್ತೇನೆ.

ಮಣ್ಣನ್ನು ನೆರಳಲ್ಲಿ ಒಣಗಿಸಿ, ಮರದ ಸುತ್ತಿಗೆಯಿಂದ ಪುಡಿ ಮಾಡಿ, 2 ಮಿಲಿಮೀಟರ್ ಜರಡಿ ಹಿಡಿಯುತ್ತೇನೆ. ಆಮೇಲೆ ರಸಸಾರ, ಅಂದರೆ ಮಣ್ಣು ಹುಳಿಯೋ ಕ್ಷಾರವೋ ಅಂತ ಹೇಳುವ ಪಿಎಚ್, ನೋಡುತ್ತೇನೆ. ಯಾವ ದ್ರಾವಣ ಹಾಕಬೇಕು ಅಂತ ಅದೇ ಹೇಳುತ್ತದೆ.

ಭೀಮಾ ನದಿ ಕಡೆಯ ಕಪ್ಪು ಮಣ್ಣು ಸುಣ್ಣದ ಮಣ್ಣು. ಅದಕ್ಕೆ ಓಲ್ಸನ್ ವಿಧಾನ, 1954ರಲ್ಲಿ ಬಂದದ್ದು. ಒಂದು ಲೀಟರ್ ನೀರಿಗೆ 42 ಗ್ರಾಂ ಸೋಡಿಯಂ ಬೈಕಾರ್ಬೊನೇಟ್, ರಸಸಾರ ಸರಿಯಾಗಿ 8.5. ಈ ದ್ರಾವಣ ಇಟ್ಟಷ್ಟೂ ರಸಸಾರ ಜಾರುತ್ತದೆ, ಹಾಗಾಗಿ ಹೊಸದಾಗಿಯೇ ಮಾಡುತ್ತೇನೆ. 2.5 ಗ್ರಾಂ ಮಣ್ಣಿಗೆ 50 ಮಿಲಿಲೀಟರ್ ಹಾಕಿ ಅರ್ಧ ಗಂಟೆ ಶೇಕರ್‌ನಲ್ಲಿ ಇಡುತ್ತೇನೆ. ಬೈಕಾರ್ಬೊನೇಟ್ ಸುಣ್ಣವನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ, ಅದು ಹಿಡಿದಿದ್ದ ರಂಜಕ ನೀರಿಗೆ ಇಳಿಯುತ್ತದೆ. ಕೋಣೆ ಬಿಸಿಯಾದರೆ ರಂಜಕ ಜಾಸ್ತಿ ಇಳಿಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಪುಣೆಯ ಮಧ್ಯಾಹ್ನ ಹೇಗಿರುತ್ತದೆ ಗೊತ್ತಲ್ವಾ? ಅದಕ್ಕೆ ಎಸಿ ಹಾಕಿ 25 ಡಿಗ್ರಿಯಲ್ಲೇ ಇಟ್ಟುಕೊಳ್ಳುತ್ತೇನೆ.

ಕಪ್ಪು ಮಣ್ಣಿನಿಂದ ಸೋಸಿದ ನೀರು ಹಳದಿ ಬಣ್ಣಕ್ಕೆ ತಿರುಗುತ್ತದೆ. ಅದನ್ನು ತೆಗೆಯಲು ಇದ್ದಿಲು ಪುಡಿ ಬೇಕು. ಇದ್ದಿಲಿನಲ್ಲೂ ರಂಜಕ ಇರುವುದುಂಟು. ಅದಕ್ಕೇ ಮಣ್ಣೇ ಹಾಕದ ಒಂದು ಬಾಟಲಿಯನ್ನು ಪ್ರತಿ ಸಲವೂ ಜೊತೆಗೆ ಓಡಿಸುತ್ತೇನೆ. ಈ ಖಾಲಿ ಬಾಟಲಿ ಇಲ್ಲದ ಲೆಕ್ಕವನ್ನು ನಾನು ನಂಬುವುದಿಲ್ಲ. ಸೋಸಿದ ನೀರಲ್ಲಿ 5 ಮಿಲಿಲೀಟರ್ ತೆಗೆದು, ಆಮ್ಲ ಹಾಕಿ ನೊರೆ ಇಳಿಸಿ, ಮಾಲಿಬ್ಡೇಟ್ ಮತ್ತು ಆಸ್ಕಾರ್ಬಿಕ್ ಆಮ್ಲ ಸೇರಿಸಿ, 25 ಮಿಲಿಲೀಟರ್‌ಗೆ ತುಂಬಿಸುತ್ತೇನೆ. ನೀಲಿ ಬಣ್ಣ ಬರುತ್ತದೆ. ರಂಜಕ ಜಾಸ್ತಿ ಇದ್ದಷ್ಟೂ ನೀಲಿ ಗಾಢ. ಅದನ್ನು ಯಂತ್ರದಲ್ಲಿ 882 ನ್ಯಾನೋಮೀಟರ್‌ನಲ್ಲಿ ಓದುತ್ತೇನೆ.

ಗೋವಾದ ಪೊಂಡಾ ಕಡೆ ಅಡಿಕೆ ತೋಟ ನೋಡಿಕೊಳ್ಳುವ ಕನ್ನಡದವರೊಬ್ಬರು ಮಣ್ಣು ಕಳಿಸುತ್ತಾರೆ. ಅದು ಜಂಬಿಟ್ಟಿಗೆ ಮಣ್ಣು, ಹುಳಿ ಮಣ್ಣು. ರಸಸಾರ 6 ದಾಟುವುದಿಲ್ಲ. ಅಲ್ಲಿ ರಂಜಕವನ್ನು ಹಿಡಿದಿರುವುದು ಕಬ್ಬಿಣ, ಅಲ್ಯೂಮಿನಿಯಂ. ಹಾಗಾಗಿ ಬ್ರೇ ವಿಧಾನ: ಅಮೋನಿಯಂ ಫ್ಲೋರೈಡ್ ಜೊತೆ ತೆಳು ಹೈಡ್ರೋಕ್ಲೋರಿಕ್ ಆಮ್ಲ, ಐದು ನಿಮಿಷದ ಅಲುಗಾಟ. ಫ್ಲೋರೈಡ್ ಹೋಗಿ ಅಲ್ಯೂಮಿನಿಯಂ, ಕಬ್ಬಿಣವನ್ನು ಕಟ್ಟಿಹಾಕುತ್ತದೆ, ರಂಜಕ ಬಿಡುಗಡೆಯಾಗುತ್ತದೆ. ಆಮೇಲೆ ಬೋರಿಕ್ ಆಮ್ಲ ಹಾಕಬೇಕು, ಇಲ್ಲದಿದ್ದರೆ ಅದೇ ಫ್ಲೋರೈಡ್ ನೀಲಿ ಬಣ್ಣಕ್ಕೆ ಅಡ್ಡ ಬರುತ್ತದೆ. ದೌಂಡ್‌ನ ಮಣ್ಣಿಗೆ ಬ್ರೇ ದ್ರಾವಣ ಹಾಕಿದರೆ ಸುಣ್ಣವೇ ಆಮ್ಲವನ್ನು ತಿಂದುಹಾಕುತ್ತದೆ. ಇದ್ದ ರಂಜಕವೂ ಇಲ್ಲದ ಹಾಗೆ ಕಾಣುತ್ತದೆ. ರೈತ ಸುಮ್ನೆ ಇನ್ನೊಂದು ಚೀಲ ಗೊಬ್ಬರ ತರುತ್ತಾನೆ.

ಲೆಕ್ಕಕ್ಕೂ ಗಮನ ಬೇಕು. ದೌಂಡ್‌ನಲ್ಲಿ ಕಬ್ಬು ಬೆಳೆಯುವ ವಿಜಯಪುರದ ಹಿರಿಯರೊಬ್ಬರು ಎರಡು ಕಾಗದ ಹಿಡಿದು ಬಂದಿದ್ದರು. ಒಂದು ನಮ್ಮದು, ಒಂದು ಬೇರೆ ಕಡೆಯದು.

“ಅಕ್ಕಾರ, ಹೊಲ ಒಂದ, ಮಣ್ಣು ಒಂದ. ನಿಮ್ಮದ್ರಾಗ ಹದಿನೆಂಟು, ಇದ್ರಾಗ ನಲವತ್ತೊಂದು. ಯಾವುದು ಖರೇರಿ?”

ಎರಡೂ ಖರೆ. ನನ್ನ ಯಂತ್ರ ತೋರಿಸಿದ್ದು 0.08 ಪಿಪಿಎಂ, ಅಂದರೆ ಒಂದು ಲೀಟರ್ ನೀಲಿ ನೀರಿಗೆ 0.08 ಮಿಲಿಗ್ರಾಂ. 2.5 ಗ್ರಾಂ ಮಣ್ಣಿಗೆ 50 ಮಿಲಿಲೀಟರ್ ಹಾಕಿದ್ದಕ್ಕೆ 20 ಪಟ್ಟು, 5 ಮಿಲಿಲೀಟರನ್ನು 25ಕ್ಕೆ ತುಂಬಿಸಿದ್ದಕ್ಕೆ 5 ಪಟ್ಟು, ಒಟ್ಟು ನೂರು ಪಟ್ಟು, ಅಂದರೆ ಒಂದು ಕಿಲೋ ಮಣ್ಣಿಗೆ 8 ಮಿಲಿಗ್ರಾಂ. ಒಂದು ಹೆಕ್ಟೇರಿನ 15 ಸೆಂಟಿಮೀಟರ್ ಮೇಲ್ಮಣ್ಣಿನ ತೂಕ ಸುಮಾರು 22.4 ಲಕ್ಷ ಕಿಲೋ ಅಂತ ಹಿಡಿದು 2.24ರಿಂದ ಗುಣಿಸಿದರೆ ಹೆಕ್ಟೇರಿಗೆ 17.9 ಕಿಲೋ ರಂಜಕ. ಅದನ್ನೇ ಗೊಬ್ಬರದ ಚೀಲದ ಮೇಲೆ ಬರೆಯುವ ಪಿ2ಒ5 (ರಂಜಕ ಮತ್ತು ಆಮ್ಲಜನಕ ಸೇರಿದ್ದು) ರೂಪಕ್ಕೆ ತರಲು 2.29ರಿಂದ ಗುಣಿಸಿ. 41 ಬಂತು! ರಂಜಕದ ಲೆಕ್ಕದಲ್ಲಿ 10ರಿಂದ 25 ಕಿಲೋ ಮಧ್ಯಮ. ಪಿ2ಒ5 ಲೆಕ್ಕದಲ್ಲಿ ಸುಮಾರು 23ರಿಂದ 57. ಎರಡರಲ್ಲೂ ಅವರ ಹೊಲ ಮಧ್ಯಮವೇ. ಆದರೆ 41 ಅನ್ನು ಮೊದಲನೇ ಅಳತೆಗೆ ಹಿಡಿದಿದ್ದರೆ ಜಾಸ್ತಿ ಇದೆ ಅಂದುಕೊಂಡು ರಂಜಕ ಹಾಕುವುದನ್ನೇ ನಿಲ್ಲಿಸುತ್ತಿದ್ದರು.

ಅಂದಿನಿಂದ ನಮ್ಮ ವರದಿಯಲ್ಲಿ ಎರಡೂ ಅಂಕಿ ಬರೆಯುತ್ತೇನೆ, ಪಕ್ಕದಲ್ಲಿ ವಿಧಾನದ ಹೆಸರು. ಹಿರಿಯರಿಗೆ ಹೇಳಿದ್ದು ಇಷ್ಟು: ಕಬ್ಬಿಗೆ ಶಿಫಾರಸು ಮಾಡಿದಷ್ಟೇ ರಂಜಕ ಹಾಕಿ, ಮೇಲೆ ಚೆಲ್ಲಬೇಡಿ, ನಾಟಿ ಮಾಡುವಾಗಲೇ ಸಾಲಿನ ಒಳಗೆ ಬೇರಿಗೆ ಎಟುಕುವ ಹಾಗೆ ಕೊಡಿ. 50 ಕಿಲೋ ಡಿಎಪಿ ಚೀಲದಲ್ಲಿ 23 ಕಿಲೋ ಪಿ2ಒ5 ಇರುತ್ತದೆ, ಅದರ ಮೇಲೆ ಚೀಲದ ಲೆಕ್ಕ ಹಾಕಿ ಅಂತ ಕಾಗದದ ಹಿಂದೆ ಬರೆದುಕೊಟ್ಟೆ. ಕೂಳೆ ತೆಗೆದ ಮೇಲೆ, ಹೊಸ ಗೊಬ್ಬರ ಬೀಳುವ ಮೊದಲು, ಮತ್ತೆ ಮಣ್ಣು ತರುತ್ತೇನೆ ಅಂದಿದ್ದಾರೆ.